ಎಡಕ್ಕೆ ಬಿದ್ದ ಭಾಮೈದ

ನಮ್ಮ ಹಳದಿ ಫುಟ್ಬಾಲ್ ತಂಡ ಕಪ್ ಗೆದ್ದ ಆ ಭಾನುವಾರ ಮೈದಾನದಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದವರು ಇಬ್ಬರೇ. ಒಬ್ಬರು ಸೋತ ನೀಲಿ ತಂಡದ ಕೋಚ್. ಇನ್ನೊಬ್ಬ ಗೆದ್ದ ತಂಡದ ಅಭಿಮಾನಿಯಾದ ನಾನು. ನೀಲಿಯವರ ಕೋಚಿಗೆ ದುಃಖವಾಗಿತ್ತು, ಅದು ನ್ಯಾಯ. ನನಗೆ ಆಗಿದ್ದು ಅನುಮಾನ.

ನೀವೇ ಹೇಳಿ. ಇಪ್ಪತ್ತಾರು ವರ್ಷದಿಂದ ಈ ತಂಡದ ಹಿಂದೆ ಬಿದ್ದಿದ್ದೇನೆ. ಇಪ್ಪತ್ತಾರು ವರ್ಷದಲ್ಲಿ ಇವರು ಒಂದು ಚಮಚವನ್ನೂ ಗೆದ್ದವರಲ್ಲ. ಲೀಗ್ ಶುರುವಾಗುವ ಮೊದಲು, ಆಟಗಾರರ ಹೊಸ ಬೂಟುಗಳು ಇನ್ನೂ ಕಚ್ಚುತ್ತಿರುವಾಗಲೇ, ಎಂಟು ತಂಡಗಳನ್ನು ಸೇರಿಸಿ ಒಂದು ವಾರ ಆಡಿಸುವ ಕಪ್ ಇದು. ಇದರಲ್ಲಿ ನಾವು ಮೊದಲ ದಿನವೇ ಸೋತು ಮನೆಗೆ ಬರುವುದು ಪದ್ಧತಿ. ಅಂಥವರು ಎರಡು ಪಂದ್ಯ ಗೆದ್ದು, ಫೈನಲ್ಲಿನಲ್ಲಿ ಕಳೆದ ವರ್ಷದ ಚಾಂಪಿಯನ್ನರಾದ ನೀಲಿಯವರನ್ನು ಒಂದು–ಸೊನ್ನೆಯಿಂದ ಮಣ್ಣು ಮುಕ್ಕಿಸಿದರು ಎಂದರೆ, ಬುದ್ಧಿ ಇದ್ದವನು ಮೊದಲು ಚಪ್ಪಾಳೆ ತಟ್ಟುತ್ತಾನೋ, ಮೊದಲು ಯೋಚನೆ ಮಾಡುತ್ತಾನೋ?

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಊರಿನ ತಕ್ಕಡಿಗಳನ್ನೆಲ್ಲ ಅನುಮಾನದಿಂದ ನೋಡಲೆಂದೇ ಸರ್ಕಾರ ನನಗೆ ಸಂಬಳ ಕೊಡುತ್ತದೆ. ಕೆಲವರು ಸಂಜೆ ಐದೂವರೆಗೆ ತಮ್ಮ ಕೆಲಸವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಮನೆಗೆ ಹೋಗುತ್ತಾರೆ. ನಾನು ಆ ಜಾತಿಯವನಲ್ಲ. ತರಕಾರಿಯವನು ಒಂದು ಆಲೂಗಡ್ಡೆ ಹೆಚ್ಚಿಗೆ ಹಾಕಿದರೆ ನಾನು ಅವನಿಗೆ ಥ್ಯಾಂಕ್ಸ್ ಹೇಳುವುದಿಲ್ಲ, ಬಗ್ಗಿ ತಕ್ಕಡಿಯ ಕೆಳಗೆ ನೋಡುತ್ತೇನೆ.

ಈಗ ಆ ಗಳಿಗೆಗೆ ಬರೋಣ. ಎಂಬತ್ತೆಂಟನೆಯ ನಿಮಿಷ, ನೀಲಿಯವರಿಗೆ ಪೆನಾಲ್ಟಿ. ಗೋಲಿನಲ್ಲಿ ನಿಂತಿದ್ದವನು ಬೇರೆ ಯಾರೂ ಅಲ್ಲ, ನನ್ನ ಭಾಮೈದ, ನನ್ನ ಹೆಂಡತಿಯ ಸ್ವಂತ ತಮ್ಮ. ಆರು ವರ್ಷದಿಂದ ಅವನು ತಂಡದ ಎರಡನೆಯ ಗೋಲ್‌ಕೀಪರ್. ಎಂದರೆ ಅವನು ಕಾಯುತ್ತಿದ್ದುದು ಬೆಂಚನ್ನು. ಮೊದಲನೆಯ ಕೀಪರ್ ಬಚ್ಚಲಲ್ಲಿ ಜಾರಿ ಮಂಡಿ ಮುರಿದುಕೊಂಡದ್ದರಿಂದ ಇವನಿಗೆ ಗೋಲು ಸಿಕ್ಕಿತ್ತು. ಇವನು ನಮ್ಮ ಮನೆಯಲ್ಲೇ ಇರುವುದು. ಲೋಟ, ತಟ್ಟೆ, ಸೋಪು, ಹೂಕುಂಡ, ಒಮ್ಮೆ ಗೋಡೆ ಗಡಿಯಾರ, ಹೀಗೆ ನಮ್ಮ ಮನೆಯಲ್ಲಿ ಅವನ ಕೈಯಿಂದ ಜಾರದೆ ಉಳಿದಿರುವುದು ಗೋಡೆಗಳು ಮಾತ್ರ.

ನಾನು ಕೂರುವುದು ಗೋಲಿನ ಹಿಂದೆ, ನಾಲ್ಕನೆಯ ಸಾಲಿನಲ್ಲಿ. ಅವನ ಬಲವೇ ನನ್ನ ಬಲ, ಅವನ ಎಡವೇ ನನ್ನ ಎಡ. ನೀಲಿಯವನು ಚೆಂಡು ಇಟ್ಟ ರೀತಿ, ಅವನ ಭುಜ ವಾಲಿದ ರೀತಿ, ಬೂಟಿನ ಲೇಸು ಕಟ್ಟಿದ ರೀತಿ, ಎಲ್ಲವನ್ನೂ ಅಳೆದು ಎದ್ದು ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ.

"ಬಲಕ್ಕೆ! ಬಲಕ್ಕೇ ಹೊಡೀತಾನೆ! ಬಲಕ್ಕೆ ಬೀಳೋ!"

ಅವನ ಕತ್ತು ಸ್ವಲ್ಪ ತಿರುಗಿತು. ನನ್ನ ಮಾತು ಕೇಳಿಸಿತ್ತು, ಅದರಲ್ಲಿ ಎರಡು ಮಾತಿಲ್ಲ. ಕೇಳಿಸಿಕೊಂಡವನು ಎಡಕ್ಕೆ ಬಿದ್ದ. ಚೆಂಡೂ ಎಡಕ್ಕೇ ಬಂತು. ಬಂದದ್ದು ಅವನ ಕೈಗವಸಿನಲ್ಲಿ ಗೋಂದು ಹಾಕಿ ಅಂಟಿಸಿದ ಹಾಗೆ ಕೂತುಬಿಟ್ಟಿತು.

ಸುತ್ತ ನಾಲ್ಕು ಸಾವಿರ ಜನ ಕುಣಿಯುತ್ತಿದ್ದರು. ಹದಿನಾಲ್ಕು ವರ್ಷದಿಂದ ನನ್ನ ಪಕ್ಕದ ಸೀಟಿನಲ್ಲಿ ಕೂರುವ ಕಟಿಂಗ್ ಶಾಪಿನವನು ನನ್ನನ್ನು ತಬ್ಬಿಕೊಂಡು ಅಳುತ್ತಿದ್ದ. ಅವನ ಭುಜದ ಮೇಲಿಂದ ನಾನು ಭಾಮೈದನನ್ನೇ ದಿಟ್ಟಿಸಿದೆ. ಚೆಂಡು ಎಡಕ್ಕೆ ಬರುತ್ತದೆಂದು ಇವನಿಗೆ ಹೇಗೆ ಗೊತ್ತಾಯಿತು? ಯಾರು ಹೇಳಿದರು?

ಆ ಸಂಜೆ ಮನೆಯಲ್ಲಿ ನನ್ನ ಹೆಂಡತಿ ಬಾಗಿಲಿನಿಂದ ಅಡುಗೆಮನೆಯವರೆಗೆ ಹಳದಿ ಕಾಗದದ ಮಾಲೆ ಕಟ್ಟಿದ್ದಳು. ತಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಅವನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಕ್ಕಾ, ಕೋಚ್ ಹೇಳಿದ್ರು," ಎಂದ ಅವನು. "ಶುಕ್ರವಾರ ಸಂಜೆ ಐದಕ್ಕೆ ಲೀಗಿಗೆ ಹೆಸರು ಕಳಿಸ್ತಾರಂತೆ. ಮೊದಲನೇ ಕೀಪರ್ ಜಾಗದಲ್ಲಿ ನನ್ನ ಹೆಸರೇ ಅಂತೆ. ಇಡೀ ವರ್ಷ!"

"ಇಲ್ಲದಿದ್ರೆ?" ಎಂದೆ ನಾನು.

"ಇಲ್ಲದಿದ್ರೆ ಕೈಗವಸು ಬಿಚ್ಚಿಟ್ಟು ಚಿಕ್ಕಪ್ಪನ ಟೈರ್ ಅಂಗಡಿ, ಭಾವ. ಇಪ್ಪತ್ತೊಂಬತ್ತಾಯ್ತು. ಇನ್ನೊಂದ್ ವರ್ಷ ಬೆಂಚಲ್ಲಿ ಇಟ್ಕೊಳ್ಳಲ್ಲ ಅಂತ ಹೇಳಿಬಿಟ್ಟಿದ್ದಾರೆ."

"ಅದಿರಲಿ, ಎಡಕ್ಕೆ ಯಾಕೆ ಬಿದ್ದೆ?"

ಅವನು ತಟ್ಟನೆ ನೆಲ ನೋಡಿದ. "ಹಾಗೇ... ಅನ್ನಿಸ್ತು ಭಾವ."

"ನಾನು ಬಲಕ್ಕೆ ಅಂದಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ?"

ಅವನು ಎದ್ದು ಕೈ ತೊಳೆಯಲು ಹೋದ. ತೊಳೆದ ಕೈಯನ್ನೇ ಮತ್ತೆ ತೊಳೆಯುವವರನ್ನು ನಾನು ಅಂಗಡಿಗಳಲ್ಲಿ ಬಹಳ ನೋಡಿದ್ದೇನೆ. ಅಂಥ ಕಡೆ ತೂಕದ ಬಟ್ಟಿನ ತಳದಲ್ಲಿ ತೂತು ಇದ್ದೇ ಇರುತ್ತದೆ.

"ಇದರಲ್ಲಿ ಏನೋ ಇದೆ," ಎಂದೆ.

"ನಿಮ್ಮ ತಲೇಲಿದೆ," ಎಂದಳು ಹೆಂಡತಿ. "ಹುಟ್ಟಿದಾಗಿಂದ ನನ್ನ ತಮ್ಮ ಒಂದೇ ಒಂದು ವಸ್ತು ನೆಟ್ಟಗೆ ಹಿಡಿದಿದ್ದಾನೆ. ಅದನ್ನೂ ಬೀಳಿಸೋ ತನಕ ನಿಮಗೆ ಸಮಾಧಾನ ಇಲ್ಲ ಅಲ್ವಾ?"

ನಾನು ಬಾಯಿ ಮುಚ್ಚಿಕೊಂಡೆ. ಅಲ್ಲಿಗೇ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಗಡ್ಡ ಮಾಡಿಸಲು ಕಟಿಂಗ್ ಶಾಪಿಗೆ ಹೋದೆ. ಕನ್ನಡಿಯ ಸುತ್ತ ಹಳದಿ ಬಲೂನು ಕಟ್ಟಿತ್ತು. ಶಾಪಿನವನು ನನ್ನ ಮುಖಕ್ಕೆ ನೊರೆ ಹಚ್ಚುತ್ತಾ, "ಹೇಗಿತ್ತು ಸಾರ್ ನಿಮ್ಮ ಭಾಮೈದನ ಕೈ!" ಎಂದ. ನೊರೆಯೊಳಗಿನಿಂದ ನಾನು ನಾಲ್ಕೇ ನಾಲ್ಕು ಮಾತು ಹೇಳಿದೆ. "ಇದರಲ್ಲಿ ಏನೋ ಇದೆ ಕಣಯ್ಯ."

ಅವನ ಕೈಯಲ್ಲಿದ್ದ ಕತ್ತಿ ಗಾಳಿಯಲ್ಲೇ ನಿಂತಿತು. "ಏನು ಸಾರ್ ಇದೆ?"

"ಅದನ್ನೆಲ್ಲ ಈಗ ಹೇಳೋ ಹಾಗಿಲ್ಲ."

ನಿಜ ಹೇಳುತ್ತೇನೆ, ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಆದರೆ ಸರ್ಕಾರಿ ನೌಕರನ ಬಾಯಿಂದ 'ಹೇಳೋ ಹಾಗಿಲ್ಲ' ಎಂಬ ಮಾತು ಬಂದರೆ ಅದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ನಾನು ಎದ್ದ ಕುರ್ಚಿಯಲ್ಲಿ ಪೇಪರಿನ ವರದಿಗಾರ ಕೂತ. ಅವನ ತಲೆ ಅರ್ಧ ಕಟಿಂಗ್ ಆಗುವಷ್ಟರಲ್ಲಿ ಸುದ್ದಿ ಪೂರ್ತಿಯಾಗಿತ್ತು ಎಂದು ಆಮೇಲೆ ತಿಳಿಯಿತು.

ಮಂಗಳವಾರದ ಪೇಪರಿನ ಕೊನೆಯ ಪುಟದಲ್ಲಿ ದಪ್ಪ ಅಕ್ಷರ. 'ಕಪ್ ಗೆಲುವು: ತೂಕ ಮತ್ತು ಅಳತೆ ಇಲಾಖೆಗೆ ಅನುಮಾನ. ಚೆಂಡಿನ ತೂಕದಲ್ಲಿ ವ್ಯತ್ಯಾಸ?'

ಚೆಂಡಿನ ಮಾತನ್ನು ನಾನು ಎತ್ತಿಯೇ ಇರಲಿಲ್ಲ. ಆದರೆ ನನ್ನ ಇಲಾಖೆಗೆ ಅನುಮಾನ ಎಂದರೆ ತೂಕದ್ದೇ ಇರಬೇಕು, ಫುಟ್ಬಾಲಿನಲ್ಲಿ ತೂಗುವ ವಸ್ತು ಎಂದರೆ ಚೆಂಡೇ ಇರಬೇಕು ಎಂದು ವರದಿಗಾರ ಲೆಕ್ಕ ಹಾಕಿದ್ದ. ಲೆಕ್ಕ ತಪ್ಪೇನಲ್ಲ. ಮನೆಯಿಂದ ಆಫೀಸಿಗೆ ಹೋಗುವ ದಾರಿಯಲ್ಲಿ ಬೇಕರಿಯವನು ನನ್ನನ್ನು ತಡೆದು, "ಹಗುರ ಇತ್ತಾ ಭಾರ ಇತ್ತಾ, ಅಷ್ಟು ಮಾತ್ರ ಹೇಳಿ ಸಾರ್," ಎಂದ. ಎದುರು ಮನೆಯ ನರ್ಸಮ್ಮ, "ಒಳಗೆ ಗಾಳಿ ಬದಲು ಬೇರೇನೋ ತುಂಬಿಸಿದ್ರಂತೆ ಹೌದಾ?" ಎಂದು ಕಣ್ಣು ಕಿರಿದು ಮಾಡಿದರು. ಬಸ್ ಸ್ಟಾಪ್ ತಲುಪುವ ಹೊತ್ತಿಗೆ ಅದು ನನ್ನ ಭಾಮೈದ ಕೈಗವಸಿನೊಳಗೆ ಅಯಸ್ಕಾಂತ ಇಟ್ಟುಕೊಂಡಿದ್ದ ಎಂಬಲ್ಲಿಗೆ ಬಂದಿತ್ತು.

ಆಫೀಸಿನಲ್ಲಿ ಸಾಹೇಬರು ಪೇಪರನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಅವರು ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿರುವ ಮನುಷ್ಯ, ಪಂಖ ಜೋರಾಗಿ ತಿರುಗಿದರೂ ಬೆಚ್ಚಿಬೀಳುತ್ತಾರೆ.

"ಏನ್ರೀ ಇದು? ಇಲಾಖೆಗೆ ಅನುಮಾನ ಅಂತೆ. ಇಲಾಖೆ ಅಂದ್ರೆ ನಾನಲ್ವೇನ್ರೀ? ನನಗೇ ಗೊತ್ತಿಲ್ಲದ ಅನುಮಾನ ನನಗೆ ಹೇಗ್ರೀ ಬಂತು?"

"ಸಾರ್, ನಾನು ಚೆಂಡಿನ ವಿಷಯ..."

"ಮೇಲಿನಿಂದ ಫೋನ್ ಬಂದಿತ್ತು. ತೂಕ ಮಾಡಿದ್ರಾ ಅಂತ ಕೇಳಿದ್ರು. ಮಾಡ್ತಾ ಇದೀವಿ ಅಂದುಬಿಟ್ಟೆ. ಹೋಗಿ, ಮಾಡಿ!"

"ಅನುಮಾನ ಇಲ್ಲ ಅಂತ ಹೇಳಿಬಿಡಬಹುದಿತ್ತಲ್ಲ ಸಾರ್?"

"ಅನುಮಾನ ಇಲ್ಲ ಅಂದ್ರೆ ಇಲಾಖೆ ಯಾಕ್ರೀ ಬೇಕು?"

ಮೂವತ್ತು ವರ್ಷದ ಸರ್ವಿಸಿನಲ್ಲಿ ಸಾಹೇಬರು ಹೇಳಿದ ಮಾತುಗಳಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದದ್ದು ಇದೊಂದೇ.

ಬುಧವಾರ ಹಿತ್ತಾಳೆಯ ಬಟ್ಟುಗಳ ಪೆಟ್ಟಿಗೆ, ತಕ್ಕಡಿ, ಅಳತೆಯ ಪಟ್ಟಿ, ಸೀಲು ಎಲ್ಲ ಹೊತ್ತುಕೊಂಡು ಕ್ಲಬ್ಬಿನ ಕಟ್ಟಡಕ್ಕೆ ಹೋದೆ. ಕೋಚ್ ಬಾಗಿಲಲ್ಲೇ ನಿಂತಿದ್ದರು. ಮೂರು ದಿನ ಹಿಂದೆ ಇದೇ ಮನುಷ್ಯ ನನ್ನನ್ನು ಕಂಡು, 'ಕೀಪರ್ ಭಾವ ಬಂದ್ರು' ಎಂದು ನಕ್ಕಿದ್ದರು. ಈಗ ಒಂದು ಕುರ್ಚಿಯನ್ನೂ ಹಾಕಲಿಲ್ಲ.

ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ತಕ್ಕಡಿ ಇಟ್ಟೆ. ಒದ್ದೆ ಟವೆಲುಗಳ ವಾಸನೆ. ಆಟಗಾರರು ಸಾಲಾಗಿ ನಿಂತು ನೋಡುತ್ತಿದ್ದರು. ಭಾಮೈದ ಕೊನೆಯಲ್ಲಿದ್ದ. ನಿಯಮದ ಪ್ರಕಾರ ಚೆಂಡು ನಾನೂರ ಹತ್ತು ಗ್ರಾಮಿಗಿಂತ ಕಡಿಮೆ, ನಾನೂರೈವತ್ತಕ್ಕಿಂತ ಹೆಚ್ಚು ಇರಬಾರದು. ಫೈನಲ್ಲಿನ ಚೆಂಡನ್ನು ತೂಗಿದೆ. ನಾನೂರ ಮೂವತ್ತೊಂದು. ನಮ್ಮ ಇಲಾಖೆಯಲ್ಲಿ ಪ್ರತಿ ವಸ್ತುವನ್ನೂ ಮೂರು ಸಲ ತೂಗಬೇಕೆಂಬ ಕ್ರಮವಿದೆ. ಮೂರು ಸಲವೂ ನಾನೂರ ಮೂವತ್ತೊಂದು. ಸುತ್ತಳತೆ ಅರವತ್ತೊಂಬತ್ತು ಸೆಂಟಿಮೀಟರ್. ಇಷ್ಟು ಪ್ರಾಮಾಣಿಕವಾದ ವಸ್ತುವನ್ನು ಆ ವರ್ಷ ನಾನು ನೋಡಿರಲಿಲ್ಲ, ನನ್ನ ಅನುಮಾನ ಇಮ್ಮಡಿಯಾಯಿತು.

"ಸಮಾಧಾನ ಆಯ್ತಾ?" ಎಂದರು ಕೋಚ್.

"ಕೈಗವಸು ಕೊಡಿ," ಎಂದೆ.

ಭಾಮೈದ ಮುಂದೆ ಬಂದು ಎರಡೂ ಕೈಗವಸನ್ನು ತಕ್ಕಡಿಯಲ್ಲಿಟ್ಟ. ಎಡಗೈಯದರ ಹೆಬ್ಬೆರಳಿನ ಹತ್ತಿರ ಅವನ ಅಕ್ಕ ಹಳದಿ ದಾರದಲ್ಲಿ ಹೊಲಿಗೆ ಹಾಕಿದ್ದು ಕಾಣುತ್ತಿತ್ತು. ನಾನು ಅದನ್ನು ಒಳಗೆ ಹೊರಗೆ ಮಾಡಿ ನೋಡಿದೆ. ಒಳಗೆ ಅಯಸ್ಕಾಂತವೂ ಇರಲಿಲ್ಲ, ಗೋಂದೂ ಇರಲಿಲ್ಲ, ಬೆವರು ಮಾತ್ರ ಇತ್ತು.

"ಭಾವ," ಎಂದ ಅವನು ಮೆಲ್ಲಗೆ, "ಶುಕ್ರವಾರದ ತನಕ ಸ್ವಲ್ಪ ಸುಮ್ಮನೆ ಇರ್ತೀರಾ?"

ಸುಮ್ಮನಿರೋಣವೆಂದೇ ತೀರ್ಮಾನಿಸಿದೆ. ಆದರೆ ಅಷ್ಟರಲ್ಲಿ ವಿಷಯ ನನ್ನ ಕೈ ದಾಟಿತ್ತು. ಸರ್ಕಾರವೇ ತಕ್ಕಡಿ ಹಿಡಿದು ಬಂದಿದೆ ಎಂದಮೇಲೆ ನೀಲಿಯವರು ಬಿಡುತ್ತಾರೆಯೇ? ಚೆಂಡೂ ಕೈಗವಸೂ ಸರಿಯಿದ್ದರೆ ಇನ್ನುಳಿದದ್ದು ಒಂದೇ ಎಂದು ಗುರುವಾರ ಲೀಗ್ ಸಮಿತಿಗೆ ದೂರು ಕೊಟ್ಟರು. 'ಗೋಲ್‌ಕೀಪರನಿಗೆ ಹೊರಗಿನವರು ಮೊದಲೇ ತಿಳಿಸಿದ್ದರು. ಅವನ ಸ್ವಂತ ಭಾವನೇ ಇದಕ್ಕೆ ಸಾಕ್ಷಿ.' ಸಂಜೆಗೆ ನೋಟೀಸು ಬಂತು. ಶುಕ್ರವಾರ ಮೂರು ಗಂಟೆಗೆ ವಿಚಾರಣೆ, ಅದು ಮುಗಿಯುವವರೆಗೆ ಈ ಕೀಪರನ ಹೆಸರನ್ನು ಪಟ್ಟಿಗೆ ಸೇರಿಸುವಂತಿಲ್ಲ.

ನನ್ನ ಹೆಂಡತಿ ನೋಟೀಸನ್ನು ಎರಡು ಸಲ ಓದಿದಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಬಾಗಿಲಿನ ಹಳದಿ ಮಾಲೆಯನ್ನು ಬಿಚ್ಚಿ ಮಡಚಿ ಕಪಾಟಿನಲ್ಲಿಟ್ಟಳು.

"ಅವನಿಗೆ ಯಾರು ಹೇಳಿದ್ರು ಅಂತ ಒಂದು ಮಾತು ಹೇಳಿದ್ರೆ ಮುಗೀತಲ್ಲೇ," ಎಂದೆ.

"ಕೇಳಿದೆ. ಹೇಳಲ್ಲ ಅಂತಾನೆ. ಜಾಗ ಹೋದ್ರೂ ಹೇಳಲ್ವಂತೆ."

ಹಾಗಾದರೆ ಅದು ಎಂಥ ಮನುಷ್ಯನಿರಬೇಕು! ಜಾಗ ಕಳೆದುಕೊಂಡಾದರೂ ಕಾಪಾಡಬೇಕಾದ ಆ ದೊಡ್ಡ ಖದೀಮ ಯಾರು?

ಸಮಿತಿಯ ಅಧ್ಯಕ್ಷೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಅರ್ಧ ಊರಿಗೆ ಅವರು ಮಗ್ಗಿ ಕಲಿಸಿದ್ದಾರೆ, ಇನ್ನರ್ಧ ಊರಿನ ಕಿವಿ ಹಿಂಡಿದ್ದಾರೆ. ಅವರು ಒಳಗೆ ಬಂದ ಕೂಡಲೇ ಐವತ್ತು ದಾಟಿದ ನಮ್ಮ ಕೋಚ್ ಎದ್ದು ಕೈಕಟ್ಟಿ ನಿಂತರು. ಕೋಣೆ ಕಿಕ್ಕಿರಿದಿತ್ತು. ನನ್ನ ಹೆಂಡತಿ ಎರಡನೆಯ ಸಾಲಿನಲ್ಲಿದ್ದಳು, ಅವಳ ಹಿಂದೆ ಕಟಿಂಗ್ ಶಾಪಿನವನು. ಮೂಲೆಯಲ್ಲಿ ಸಾಹೇಬರು ಪೇಪರಿನಿಂದ ಮುಖ ಮುಚ್ಚಿಕೊಂಡು ಕೂತಿದ್ದರು. ಗೋಡೆಯ ಗಡಿಯಾರ ಮೂರು ಹತ್ತು ತೋರಿಸುತ್ತಿತ್ತು, ಎರಡು ನಿಮಿಷ ಹಿಂದೆ ಇತ್ತು.

ಮೊದಲು ನನ್ನನ್ನು ಕರೆದರು.

"ನಿಮ್ಮ ಅನುಮಾನ ಏನು? ಚುಟುಕಾಗಿ ಹೇಳಿ."

"ಮೇಡಂ, ಗೋಲಿನ ಹಿಂದೆ ಕೂತು ನಾನು ಬಲಕ್ಕೆ ಅಂತ ಕೂಗಿದೆ. ನನ್ನ ಮಾತು ಎಂದೂ ಮೀರದ ಹುಡುಗ. ಆದ್ರೂ ಎಡಕ್ಕೆ ಬಿದ್ದ. ಅಂದ್ರೆ ಎಡಕ್ಕೆ ಅಂತ ಅವನಿಗೆ ಬೇರೆ ಯಾರೋ ಹೇಳಿರಬೇಕು."

ಅಧ್ಯಕ್ಷೆ ಭಾಮೈದನ ಕಡೆ ತಿರುಗಿದರು. "ಏನಪ್ಪಾ, ಚೆಂಡು ಎಡಕ್ಕೆ ಬರುತ್ತೆ ಅಂತ ನಿನಗೆ ಯಾರಾದ್ರೂ ತಿಳಿಸಿದ್ರಾ?"

ಅವನು ಸುಳ್ಳು ಹೇಳುವವನಲ್ಲ, ಅದೇ ಅವನ ದೌರ್ಭಾಗ್ಯ. "ತಿಳಿಸಿದ್ರು ಮೇಡಂ."

ಕೋಣೆ ಗುಜುಗುಜು ಎಂದಿತು. ನೀಲಿಯವರ ಕೋಚ್ ತೊಡೆ ತಟ್ಟಿಕೊಂಡರು. ನನಗೆ ಒಂದು ಕ್ಷಣ ಗೆದ್ದ ಹಾಗನ್ನಿಸಿತು. ಮರುಕ್ಷಣ ಹೆಂಡತಿಯ ಮುಖ ನೋಡಿದೆ, ಆ ಗೆಲುವು ಅಲ್ಲಿಗೇ ಮುಗಿಯಿತು.

"ಯಾರು?"

"ಅದೊಂದು ಕೇಳಬೇಡಿ ಮೇಡಂ. ಮನೆಯ ದೊಡ್ಡವರ ಮರ್ಯಾದೆ ವಿಷಯ."

ಮನೆಯ ದೊಡ್ಡವರು! ನಮ್ಮ ಮನೆಯಲ್ಲಿ ದೊಡ್ಡವರು ಎಂದರೆ ಯಾರು? ಅವನ ಅಕ್ಕ! ಹದಿನೆಂಟು ವರ್ಷ ಸಂಸಾರ ಮಾಡಿದ ನನ್ನ ಹೆಂಡತಿಗೆ ನೀಲಿಯವರ ಜೊತೆ ಏನು ಸಂಬಂಧ? ಮೆಲ್ಲಗೆ ತಿರುಗಿ ಅವಳನ್ನು ನೋಡಿದೆ.

"ಏನ್ರೀ ನನ್ನ ಮುಖ ನೋಡ್ತಾ ಇದೀರಾ?" ಎಂದು ಅವಳು ತುಂಬಿದ ಸಭೆಯಲ್ಲೇ ಕೇಳಿದಳು. ನಾನು ಮತ್ತೆ ಮುಂದಕ್ಕೆ ತಿರುಗಿದೆ.

ಅಧ್ಯಕ್ಷೆ ಎಷ್ಟು ವಿಧದಲ್ಲಿ ಕೇಳಿದರೂ ಅವನು ಬಾಯಿ ಬಿಡಲಿಲ್ಲ. ಗಡಿಯಾರ ನಾಲ್ಕೂಕಾಲು ದಾಟಿತು. ಕೋಚ್ ಜೇಬಿನಿಂದ ಪಟ್ಟಿಯನ್ನು ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಪಕ್ಕದ ಊರಿನ ಒಬ್ಬ ಕೀಪರನ ಹೆಸರು ಬರೆಯಲು ಬಗ್ಗಿದರು. ಭಾಮೈದ ತೊಡೆಯ ಮೇಲಿದ್ದ ಕೈಗವಸುಗಳನ್ನು ಒಂದರೊಳಗೊಂದು ಮಡಚಿಟ್ಟ.

ಆಗ ಹಿಂದಿನಿಂದ ಕುರ್ಚಿ ಬಿದ್ದ ಸದ್ದಾಯಿತು. ಕಟಿಂಗ್ ಶಾಪಿನವನು ಎದ್ದು ನಿಂತಿದ್ದ.

"ಮೇಡಂ, ನಾನು ಹೇಳ್ತೀನಿ. ಅವನಿಗೆ ಹೇಳಿದ್ದು ಬೇರೆ ಯಾರೂ ಅಲ್ಲ, ಈ ಸಾರೇ!"

"ನಾನಾ?" ಎಂದೆ. "ನಾನು ಹೇಳಿದ್ದು ಬಲಕ್ಕೆ!"

"ಅದೇ ಸಾರ್! ಹದಿನಾಲ್ಕು ವರ್ಷ ನಿಮ್ಮ ಪಕ್ಕ ಕೂತಿದ್ದೀನಿ. ನೀವು ಬಲಕ್ಕೆ ಅಂದ್ರೆ ಎಡಕ್ಕೆ ಬರುತ್ತೆ. ಎಡಕ್ಕೆ ಅಂದ್ರೆ ಬಲಕ್ಕೆ ಬರುತ್ತೆ. ಮಳೆ ಬರಲ್ಲ ಅಂದ್ರೆ ನಾನು ಅಂಗಡಿ ಮುಂದಿನ ಟವೆಲ್ ಎತ್ತಿಟ್ಕೋತೀನಿ. ಒಂದು ಸಲ, ಒಂದೇ ಒಂದು ಸಲ, ನೀವು ಹೇಳಿದ್ದು ಆಗಿದ್ದನ್ನ ನಾನು ನೋಡಿಲ್ಲ ಸಾರ್. ಬೇಜಾರು ಮಾಡ್ಕೋಬೇಡಿ."

ನಾನು ಭಾಮೈದನ ಕಡೆ ತಿರುಗಿದೆ. ಅವನು ಕಿವಿಯವರೆಗೂ ಕೆಂಪಾಗಿದ್ದ.

"ಹೌದೇನೋ?"

"ಕ್ಷಮಿಸಿ ಭಾವ. ಆರು ವರ್ಷ ಬೆಂಚಲ್ಲಿ ಕೂತು ನನಗೆ ಬೇರೇನು ಕೆಲಸ ಇತ್ತು? ನಿಮ್ಮ ಗಂಟಲು ಅಲ್ಲೀತನಕ ಕೇಳುತ್ತೆ. ಮನೇಲಿ ಟೀವಿ ಮುಂದೆ ಕೂತಾಗಲೂ ಹಾಗೇ. ಒಂದು ಸಲಾನೂ ತಪ್ಪಿಲ್ಲ... ಅಂದ್ರೆ, ಒಂದು ಸಲಾನೂ ಸರಿ ಆಗಿಲ್ಲ. ಇದನ್ನ ನಾಲ್ಕು ಜನರ ಮುಂದೆ ಹೇಗೆ ಹೇಳಲಿ ಭಾವ? ನೀವು ಇನ್‌ಸ್ಪೆಕ್ಟರು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಕೂಗೋದನ್ನೇ ಬಿಟ್ಟುಬಿಡ್ತಿದ್ರಿ."

ನೀಲಿಯವರ ಕೋಚ್ ಎದ್ದರು. "ಕಟ್ಟುಕಥೆ! ಯಾವ ಮನುಷ್ಯನೂ ಪ್ರತಿ ಸಲ ತಪ್ಪು ಹೇಳೋಕೆ ಸಾಧ್ಯಾನೇ ಇಲ್ಲ!"

ಅವಮಾನದಲ್ಲೂ ನನಗೆ ಆತ ಒಬ್ಬ ಸಜ್ಜನ ಎನ್ನಿಸಿತು.

ಅಧ್ಯಕ್ಷೆ ಕೈಚೀಲದಿಂದ ಒಂದು ಸೀಮೆಸುಣ್ಣದ ಚೂರು ತೆಗೆದರು. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಅದು ಅವರ ಚೀಲದಲ್ಲಿತ್ತು. ಕೈಗಳನ್ನು ಬೆನ್ನ ಹಿಂದೆ ಒಯ್ದು, ಮುಷ್ಟಿ ಬಿಗಿದು ಮುಂದೆ ಚಾಚಿದರು. "ಯಾವ ಕೈಯಲ್ಲಿದೆ ಹೇಳಿ. ಹತ್ತು ಸಲ."

"ಬಲಗೈ," ಎಂದೆ. ಎಡಗೈಯಲ್ಲಿತ್ತು.

"ಎಡಗೈ." ಬಲಗೈಯಲ್ಲಿತ್ತು.

ಐದನೆಯ ಸಲದಿಂದ ಇಡೀ ಕೋಣೆ ಒಟ್ಟಿಗೆ ಎಣಿಸತೊಡಗಿತು. ಏಳನೆಯ ಸಲಕ್ಕೆ ಸಾಹೇಬರು ಪೇಪರ್ ಕೆಳಗಿಟ್ಟು ಕುರ್ಚಿಯ ತುದಿಗೆ ಬಂದರು. ಎಂಟು, ಒಂಬತ್ತು. ಹತ್ತನೆಯದಕ್ಕೆ ನಾನು ಉಪಾಯ ಮಾಡಿದೆ. ಬಲಗೈ ಎಂದು ಅನ್ನಿಸಿದ ಕೂಡಲೇ ಮಾತನ್ನು ನುಂಗಿ, "ಎಡಗೈ!" ಎಂದೆ.

ಅಧ್ಯಕ್ಷೆ ಬಲಗೈ ಬಿಡಿಸಿದರು. ಸುಣ್ಣದ ಚೂರು ಅಲ್ಲಿತ್ತು.

ಯಾರೂ ನಗಲಿಲ್ಲ. ವಿಷಯ ನಗುವಿನ ಮಟ್ಟ ದಾಟಿತ್ತು. ನೀಲಿಯವರ ಕೋಚ್ ನನ್ನನ್ನು ಭಯದಿಂದ ನೋಡುತ್ತಾ ಕೂತುಬಿಟ್ಟರು.

"ಪ್ರೇಕ್ಷಕರು ಕೂಗಬಾರದು ಅಂತ ನಿಯಮ ಇಲ್ಲ," ಎಂದರು ಅಧ್ಯಕ್ಷೆ. "ಕೇಳಿದವನು ಅದಕ್ಕೆ ಉಲ್ಟಾ ಬೀಳಬಾರದು ಅಂತಾನೂ ಇಲ್ಲ. ಆದ್ರೆ ನನಗೆ ಬರವಣಿಗೆಯಲ್ಲಿ ಬೇಕು. ಇನ್‌ಸ್ಪೆಕ್ಟರ್ ಅವರೇ, ನೀವೇ ಬರೆದು ಸಹಿ ಹಾಕಿ ಕೊಡಬೇಕು. ಕೊಡ್ತೀರಾ?"

ನಾಲ್ಕೂ ನಲವತ್ತು. ನನ್ನ ಮುಂದೆ ಬಿಳಿ ಕಾಗದ. ಮೂವತ್ತು ವರ್ಷ ಬೇರೆಯವರ ತಕ್ಕಡಿಗೆ 'ಸರಿಯಿಲ್ಲ' ಎಂದು ಬರೆದ ಕೈ ಇದು. ನಮ್ಮ ಇಲಾಖೆಯಲ್ಲಿ ಒಂದು ಮಾತಿದೆ. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತೋರಿಸುವ ತಕ್ಕಡಿಯನ್ನು ಒಡೆದು ಹಾಕಬೇಕು. ಆದರೆ ಯಾವಾಗಲೂ ಒಂದೇ ರೀತಿ ತಪ್ಪು ತೋರಿಸುವ ತಕ್ಕಡಿಯನ್ನು ಎಸೆಯಬೇಕಾಗಿಲ್ಲ. ತಪ್ಪು ಎಷ್ಟೆಂದು ಗೊತ್ತಿದ್ದರೆ ಅದರಲ್ಲೂ ಸರಿಯಾಗಿ ತೂಗಬಹುದು. ಈ ಹುಡುಗ ಆರು ವರ್ಷ ಬೆಂಚಿನಲ್ಲಿ ಕೂತು ನನ್ನನ್ನು ಹಾಗೆ ತೂಗಿದ್ದ, ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ನಾನೋ, ಅವನು ಒಮ್ಮೆ ಚೆಂಡು ಹಿಡಿದದ್ದಕ್ಕೆ ಅವನ ಕೈಗವಸನ್ನು ಹತ್ತು ಜನರ ಮುಂದೆ ತಕ್ಕಡಿಗೆ ಹಾಕಿದ್ದೆ. ನನಗೆ ನಾಚಿಕೆಯಾಯಿತು. ಪೆನ್ನು ಎತ್ತಿಕೊಂಡೆ.

'ಈ ಕೆಳಗೆ ಸಹಿ ಮಾಡಿರುವ ನಾನು ಎಡಬಲದ ವಿಷಯದಲ್ಲಿ ಸತತವಾಗಿಯೂ ಸಂಪೂರ್ಣವಾಗಿಯೂ ತಪ್ಪು ಹೇಳುವವನಾಗಿದ್ದು, ಸದರಿ ದಿನ ನನ್ನ ಭಾಮೈದನು ನನ್ನ ಮಾತನ್ನು ಕೇಳಿಯೇ ಎದುರು ದಿಕ್ಕಿಗೆ ಬಿದ್ದಿರುತ್ತಾನೆ. ಇದರಲ್ಲಿ ಬೇರೇನೂ ಇರುವುದಿಲ್ಲ.'

ಸಹಿ ಮಾಡಿದೆ. ಅಭ್ಯಾಸಬಲದಿಂದ ಸೀಲನ್ನೂ ಒತ್ತಿದೆ. 'ಪರೀಕ್ಷಿಸಲಾಗಿದೆ' ಎಂದು ನೇರಳೆ ಬಣ್ಣದಲ್ಲಿ ಮೂಡಿತು. ಗೋಡೆಯ ಗಡಿಯಾರ ನಾಲ್ಕೂ ಐವತ್ತೊಂಬತ್ತು ತೋರಿಸುತ್ತಿದ್ದಾಗ ಕೋಚ್ ಪಟ್ಟಿಯಲ್ಲಿ ಭಾಮೈದನ ಹೆಸರು ಬರೆದರು. ಗಡಿಯಾರ ಎರಡು ನಿಮಿಷ ಹಿಂದಿತ್ತು ಎಂಬುದು ನನಗೆ ಗೊತ್ತಿತ್ತು. ಅಳತೆಯ ಇನ್‌ಸ್ಪೆಕ್ಟರನಾಗಿ ಅದನ್ನು ಸಭೆಯ ಗಮನಕ್ಕೆ ತರುವುದು ನನ್ನ ಧರ್ಮ. ತರಲಿಲ್ಲ.

ಮನೆಗೆ ಬಂದು ನನ್ನ ಹೆಂಡತಿ ಕಪಾಟಿನಿಂದ ಹಳದಿ ಮಾಲೆ ತೆಗೆದಳು. "ಹಿಡ್ಕೊಳ್ಳಿ ಆ ತುದಿ," ಎಂದಳು. ಐದು ದಿನದಲ್ಲಿ ಅವಳು ನನ್ನ ಜೊತೆ ಮೆತ್ತಗೆ ಆಡಿದ ಮೊದಲ ಮಾತು ಅದು.

ಭಾನುವಾರ ಲೀಗಿನ ಮೊದಲ ಪಂದ್ಯ. ಕ್ಲಬ್ಬಿನವರು ನನಗೆ ಗೋಲಿನ ಹಿಂದೆ, ಮೊಟ್ಟಮೊದಲ ಸಾಲಿನಲ್ಲಿ, ಕೈ ಇರುವ ಕುರ್ಚಿ ಹಾಕಿದ್ದರು. ವಿರಾಮದಲ್ಲಿ ತಂಡಗಳು ಗೋಲು ಬದಲಿಸಿದಾಗ ನನ್ನನ್ನೂ ಕುರ್ಚಿಸಮೇತ ಆ ಕಡೆಗೆ ಸಾಗಿಸಿದರು. ಜನ ಎದ್ದು ದಾರಿ ಬಿಟ್ಟರು. ಬೇಕರಿಯವನು ಕೈ ಮುಗಿದ. "ಸಾರ್, ನೀವು ಯೋಚನೆ ಮಾಡಬೇಡಿ," ಎಂದು ಕೋಚ್ ಕಿವಿಯಲ್ಲಿ ಹೇಳಿದರು. "ಅನ್ನಿಸಿದ್ದನ್ನ ಜೋರಾಗಿ ಕೂಗಿ. ಅಷ್ಟು ಸಾಕು."

ಎಪ್ಪತ್ತನೆಯ ನಿಮಿಷ. ಸೊನ್ನೆ–ಸೊನ್ನೆ. ಎದುರಾಳಿಗೆ ಪೆನಾಲ್ಟಿ.

ನಾಲ್ಕು ಸಾವಿರ ಜನ ಚೆಂಡಿನ ಕಡೆ ನೋಡಲಿಲ್ಲ, ನನ್ನ ಬಾಯಿಯ ಕಡೆ ನೋಡಿದರು. ಭಾಮೈದ ಗೋಲಿನ ಮಧ್ಯೆ ನಿಂತು ಕತ್ತನ್ನು ಸ್ವಲ್ಪ ನನ್ನ ಕಡೆ ತಿರುಗಿಸಿದ. ಎಡಗೈಯ ಹಳದಿ ಹೊಲಿಗೆ ಕಂಡಿತು. ಎದುರಾಳಿಯ ಭುಜ ನೋಡಬೇಕಿತ್ತು, ಬೂಟು ನೋಡಬೇಕಿತ್ತು. ನಾನು ಆ ಹೊಲಿಗೆಯನ್ನೇ ನೋಡುತ್ತಿದ್ದೆ. ಸುಳ್ಳು ಹೇಳಲಾಗದೆ, ನನ್ನ ಮರ್ಯಾದೆಯನ್ನೂ ತೆಗೆಯಲಾಗದೆ ಅವನು ಆ ಕೋಣೆಯಲ್ಲಿ ಕೂತಿದ್ದದ್ದು ನೆನಪಾಯಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ ನನ್ನೊಳಗೆ ಅನುಮಾನ ಎಂಬುದು ಎಳ್ಳಷ್ಟೂ ಇರಲಿಲ್ಲ. ಕುರ್ಚಿಯ ಮೇಲೆ ಹತ್ತಿ ನಿಂತೆ.

"ನೀನು ಹಿಡೀತೀಯ ಕಣೋ!" ಎಂದು ಕೂಗಿದೆ. "ಎಲ್ಲಿ ಹೊಡೆದ್ರೂ ನೀನು ಹಿಡೀತೀಯ! ನನಗೆ ಗೊತ್ತು!"

ನಾಲ್ಕು ಸಾವಿರ ಜನ ಒಟ್ಟಿಗೆ ತಲೆಯ ಮೇಲೆ ಕೈ ಹೊತ್ತರು.

"ಅಯ್ಯೋ, ಕೆಡಿಸಿಬಿಟ್ರಲ್ಲ ಸಾರ್!" ಎಂದು ಕಟಿಂಗ್ ಶಾಪಿನವನು ಚೀರಿದ.

ಚೆಂಡು ಬಲಕ್ಕೂ ಹೋಗಲಿಲ್ಲ, ಎಡಕ್ಕೂ ಹೋಗಲಿಲ್ಲ. ನೆಟ್ಟಗೆ ಭಾಮೈದನ ಕೈಗೇ ಬಂತು. ಅವನು ಹಿಡಿದ. ಹಿಡಿದದ್ದು ನಮ್ಮ ಮನೆಯ ಸೋಪಿನ ಹಾಗೆ ಜಾರಿ, ಅವನ ಕಾಲುಗಳ ಮಧ್ಯೆ ಉರುಳಿಕೊಂಡು ಗೋಲಿನೊಳಗೆ ಹೋಯಿತು.

ಒಂದು–ಸೊನ್ನೆಯಿಂದ ಸೋತೆವು. ಹಳದಿ ತಂಡ ಮೊದಲಿನ ಹಾಗೆ ಆಡಿತ್ತು, ಆ ಮಟ್ಟಿಗೆ ಮನಸ್ಸಿಗೆ ನೆಮ್ಮದಿ. ಆದರೆ ಭಾಮೈದನ ಮುಖ ನೋಡುವ ಧೈರ್ಯ ಬರಲಿಲ್ಲ. ಎಲ್ಲರೂ ಹೋದ ಮೇಲೂ ಆ ಕೈ ಇರುವ ಕುರ್ಚಿಯಲ್ಲಿ ಕೂತೇ ಇದ್ದೆ. ಅವನೇ ಸ್ನಾನ ಮಾಡಿಕೊಂಡು, ಒದ್ದೆ ತಲೆಯಲ್ಲಿ ಹುಡುಕಿಕೊಂಡು ಬಂದ.

"ಏಳಿ ಭಾವ, ಅಕ್ಕ ಕಾಯ್ತಿರ್ತಾಳೆ."

"ನಿನ್ನ ಜಾಗ?"

"ಕೋಚ್ ಬೈದ್ರು. ನನಗಲ್ಲ, ನಿಮಗೆ. ಮುಂದಿನ ವಾರಾನೂ ನಾನೇ."

ಅವನು ನನ್ನ ಕೈ ಹಿಡಿದು ಎಬ್ಬಿಸಿದ. ಈ ಸಲ ಏನೂ ಜಾರಲಿಲ್ಲ.

"ಭಾವ, ನೀವು ಕೂಗಿದ್ದು ನನಗೆ ತುಂಬಾ ಖುಷಿ ಆಯ್ತು. ಆರು ವರ್ಷದಿಂದ ಕಾಯ್ತಿದ್ದೆ. ಕಣ್ಣಲ್ಲಿ ನೀರು ಬಂದು ಚೆಂಡೇ ಕಾಣಿಸ್ಲಿಲ್ಲ. ಆದ್ರೆ ಒಂದು ಉಪಕಾರ ಮಾಡಿ. ಮುಂದಿನ ವಾರದಿಂದ ದಯವಿಟ್ಟು ನನ್ನ ಮೇಲೆ ಅನುಮಾನ ಪಡಿ."

"ಆಗಲಿ ಕಣೋ," ಎಂದೆ. ಅವನು ನಕ್ಕು, ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು, ಸೋತವನೆಂಬ ಲಕ್ಷಣವೇ ಇಲ್ಲದೆ ಮನೆಯ ದಾರಿ ಹಿಡಿದ. ನಾನು ನಡೆಯುತ್ತಾ ಓರೆಗಣ್ಣಿನಿಂದ ಅವನನ್ನೇ ನೋಡಿದೆ. ನಾಲ್ಕು ಸಾವಿರ ಜನರೆದುರು ಗೋಲು ಬಿಡಿಸಿದ ಭಾವನನ್ನು ಒಬ್ಬ ಮನುಷ್ಯ ಇಷ್ಟು ಬೇಗ ಕ್ಷಮಿಸುತ್ತಾನೆಯೇ?

ಇದರಲ್ಲಿ ಏನೋ ಇದೆ.